ಅನಿಲ ಮಾರಾಟದ ಒಪ್ಪಂದ: ಅಳತೆಯ ಕಣ್ಣಿನಿಂದ ಒಂದು ವಿಮರ್ಶೆ

ದಾವಣಗೆರೆಯ ನನ್ನ ತರಗತಿಯಲ್ಲಿ ಅನಿಲ ನಿಯಮಗಳ ಪಾಠ ಮುಗಿದ ದಿನ ವಿದ್ಯಾರ್ಥಿನಿಯೊಬ್ಬಳು ಕೊಳವೆ ಅನಿಲದ ಬಿಲ್ಲೊಂದರ ಪ್ರತಿಯನ್ನು ಮೇಜಿನ ಮೇಲಿಟ್ಟಳು. "ಸಾರ್, ಮೀಟರಿನ ಮೇಲೆ ಘನಮೀಟರ್ ಅಂತ ಇದೆ, ಬಿಲ್ಲಿನಲ್ಲಿ ಎಸ್‌ಸಿಎಂ ಅಂತ ಇದೆ. ಎರಡೂ ಒಂದೇನಾ?" ಎಂದು ಕೇಳಿದಳು. ಎರಡೂ ಒಂದಲ್ಲ. ಎಸ್‌ಸಿಎಂ ಎಂದರೆ 'ಸ್ಟ್ಯಾಂಡರ್ಡ್ ಘನಮೀಟರ್'. ಅಂದರೆ ಗೊತ್ತುಪಡಿಸಿದ ಒತ್ತಡ ಮತ್ತು ತಾಪದಲ್ಲಿ ಒಂದು ಘನಮೀಟರ್ ಗಾತ್ರ ತುಂಬುವಷ್ಟು ಅನಿಲ. ಇಷ್ಟನ್ನು ಪಠ್ಯಪುಸ್ತಕದ ಬಲದಿಂದ ಹೇಳಬಹುದು. ಆದರೆ ಮೀಟರಿನ ಅಂಕಿಯನ್ನು ಬಿಲ್ಲಿನ ಅಂಕಿಯಾಗಿ ಬದಲಿಸುವ ನಿಯಮ ಪಠ್ಯಪುಸ್ತಕದಲ್ಲಿಲ್ಲ. ಅದು ಇರಬೇಕಾದದ್ದು ಮಾರುವವರಿಗೂ ಕೊಳ್ಳುವವರಿಗೂ ನಡುವಿನ ಒಪ್ಪಂದದಲ್ಲಿ.

ಕಥೆ, ಕವನಗಳನ್ನು ವಿಮರ್ಶಿಸುತ್ತೇವೆ. ಒಪ್ಪಂದವೂ ಒಂದು ಬರಹವೇ. ಸಹಿ ಹಾಕುವವರೆಗೆ ಅದನ್ನು ಯಾರೂ ಓದುವುದಿಲ್ಲ, ಜಗಳ ಬಂದ ಮೇಲೆ ಪ್ರತಿಯೊಂದು ಅಕ್ಷರವನ್ನೂ ಓದುತ್ತಾರೆ, ಅಷ್ಟೇ ವ್ಯತ್ಯಾಸ. ವಕೀಲರು ಅದನ್ನು ಕಾನೂನಿನ ಕಣ್ಣಿನಿಂದ ಓದುತ್ತಾರೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ಅದನ್ನು ಅಳತೆಯ ಕಣ್ಣಿನಿಂದ ಓದಬಹುದು, ಓದಬೇಕು ಎಂಬುದು ಈ ಲೇಖನದ ವಾದ. ಅನಿಲ ವ್ಯಾಪಾರದ ದೊಡ್ಡ ವ್ಯಾಜ್ಯಗಳನ್ನು ಬಿಡಿಸಿ ನೋಡಿದರೆ ಒಳಗೆ ಸಿಗುವುದು ಹೆಚ್ಚಾಗಿ ಎರಡೇ ಪ್ರಶ್ನೆ: ಯಾವ ಪರಿಮಾಣವನ್ನು ಅಳೆಯಬೇಕೆಂದು ಸ್ಪಷ್ಟವಾಗಿ ಬರೆದಿತ್ತೇ? ಪರಿಸ್ಥಿತಿ ಬದಲಾದಾಗ ನಷ್ಟ ಯಾರದೆಂದು ಮೊದಲೇ ಗೊತ್ತುಮಾಡಿತ್ತೇ?

ದಾಭೋಲ್‌ನಿಂದ ದಾವಣಗೆರೆಗೆ

ನಮ್ಮ ಜಿಲ್ಲೆಯ ನೆಲದಡಿಯಲ್ಲಿ ಹಾದುಹೋಗುವ ಗೇಲ್ ಸಂಸ್ಥೆಯ ದಾಭೋಲ್–ಬೆಂಗಳೂರು ಕೊಳವೆ ಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿತು. ಅದರ ಉದ್ದ ಸುಮಾರು 1,000 ಕಿಲೋಮೀಟರ್. 2018ರಲ್ಲಿ, ನಗರ ಅನಿಲ ವಿತರಣೆಯ 9ನೇ ಸುತ್ತಿನ ಹರಾಜಿನಲ್ಲಿ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಪರವಾನಗಿ ಯೂನಿಸನ್ ಎನ್ವಿರೋ ಎಂಬ ಕಂಪನಿಗೆ ದೊರೆಯಿತು. 2024ರಲ್ಲಿ ಆ ಕಂಪನಿಯನ್ನು ಮುಂಬಯಿಯ ಮಹಾನಗರ್ ಗ್ಯಾಸ್ ಕೊಂಡುಕೊಂಡಿತು.

ಕೊಳವೆಯ ಮೂಲದ ಊರನ್ನು ಗಮನಿಸಿ. ಎನ್ರಾನ್ ಕಂಪನಿಯ ವಿದ್ಯುತ್ ಯೋಜನೆ ಇದ್ದದ್ದು ಇದೇ ದಾಭೋಲ್‌ನಲ್ಲಿ. 1993ರಲ್ಲಿ ಮಹಾರಾಷ್ಟ್ರ ವಿದ್ಯುತ್ ಮಂಡಳಿ ಮಾಡಿಕೊಂಡ ಒಪ್ಪಂದದ ದರ ಡಾಲರಿಗೂ ಇಂಧನದ ಬೆಲೆಗೂ ತಗಲಿಕೊಂಡಿತ್ತು. ವಿದ್ಯುತ್ತನ್ನು ಎಳೆದುಕೊಳ್ಳದಿದ್ದರೂ ಸ್ಥಾವರದ ಸ್ಥಿರವೆಚ್ಚ ಕೊಡಬೇಕಿತ್ತು. 2001ರಲ್ಲಿ ಮಂಡಳಿ ಕೈಚೆಲ್ಲಿತು, ಅದೇ ವರ್ಷದ ಡಿಸೆಂಬರಿನಲ್ಲಿ ಎನ್ರಾನ್ ಕಂಪನಿಯೇ ದಿವಾಳಿಯಾಯಿತು. ದ್ರವೀಕೃತ ನೈಸರ್ಗಿಕ ಅನಿಲ ಇಳಿಸಿಕೊಳ್ಳಲು ಅಲ್ಲಿ ಕಟ್ಟತೊಡಗಿದ್ದ ನಿಲ್ದಾಣ ಕೆಲಸ ಆರಂಭಿಸಿದ್ದು 2013ರಲ್ಲಿ. ಒಂದು ಒಪ್ಪಂದ ಮುರಿದುಬಿದ್ದರೆ ಕಾಂಕ್ರೀಟು, ಉಕ್ಕು ಎಲ್ಲವೂ ಹತ್ತು ವರ್ಷ ಸುಮ್ಮನೆ ನಿಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಮಾರುವುದು ಏನನ್ನು?

ನಮ್ಮ ಎಪಿಎಂಸಿ ಮಾರುಕಟ್ಟೆಗೆ ಮೆಕ್ಕೆಜೋಳ ತಂದ ರೈತರಿಗೆ ಈ ಪ್ರಶ್ನೆ ಹೊಸದಲ್ಲ. ಚೀಲದ ತೂಕ ಒಂದೇ ಇದ್ದರೂ ತೇವಾಂಶ 14 ಶೇಕಡವೋ 18 ಶೇಕಡವೋ ಎಂಬುದರ ಮೇಲೆ ದರ ನಿಲ್ಲುತ್ತದೆ. ಕೊಳ್ಳುವವರಿಗೆ ಬೇಕಾದದ್ದು ಕಾಳು, ಅದರೊಳಗಿನ ನೀರಲ್ಲ. ಅನಿಲದಲ್ಲಿಯೂ ಹಾಗೆಯೇ. ಕೊಳ್ಳುವವರಿಗೆ ಬೇಕಾದದ್ದು ಶಾಖ, ಗಾತ್ರವಲ್ಲ. ಆದ್ದರಿಂದಲೇ ದೊಡ್ಡ ಒಪ್ಪಂದಗಳಲ್ಲಿ ದರವನ್ನು ಹತ್ತು ಲಕ್ಷ ಬಿಟಿಯು, ಅಂದರೆ ಒಂದು ಎಂಎಂಬಿಟಿಯು ಶಾಖಕ್ಕೆ ಇಷ್ಟು ಎಂದು ಬರೆಯುತ್ತಾರೆ. ಇದು ಸುಮಾರು 1,055 ಮೆಗಾಜೂಲ್‌ಗೆ ಸಮ. 15 ಡಿಗ್ರಿ ಸೆಲ್ಸಿಯಸ್ ಮತ್ತು ಒಂದು ವಾಯುಭಾರದ ಒತ್ತಡದಲ್ಲಿ ಶುದ್ಧ ಮೀಥೇನ್ ಸುಮಾರು 28 ಘನಮೀಟರ್ ಉರಿದರೆ ಇಷ್ಟು ಶಾಖ ಸಿಗುತ್ತದೆ.

ಇಲ್ಲಿಯೂ ಒಂದು ಬಲೆಯಿದೆ. ಒಂದು ಮೋಲ್ ಮೀಥೇನ್ ಉರಿದಾಗ ಎರಡು ಮೋಲ್ ನೀರು ಉಂಟಾಗುತ್ತದೆ. ಆ ನೀರಾವಿ ಮತ್ತೆ ದ್ರವವಾಗಿ ತನ್ನ ಗುಪ್ತೋಷ್ಣವನ್ನೂ ಬಿಟ್ಟುಕೊಟ್ಟಿತೆಂದು ಎಣಿಸಿದರೆ ದೊರೆಯುವ ಶಾಖ ಸುಮಾರು 890 ಕಿಲೋಜೂಲ್. ಇದು 'ಒಟ್ಟು' ಕ್ಯಾಲೊರಿ ಮೌಲ್ಯ. ಆವಿ ಹಾಗೆಯೇ ಹೊಗೆಯ ಜೊತೆ ಹೊರಗೆ ಹೋಯಿತೆಂದು ಎಣಿಸಿದರೆ ಸುಮಾರು 802 ಕಿಲೋಜೂಲ್. ಇದು 'ನಿವ್ವಳ' ಮೌಲ್ಯ. ಎರಡರ ನಡುವೆ ಸುಮಾರು 10 ಶೇಕಡ ಅಂತರ. ಕೇವಲ 'ಕ್ಯಾಲೊರಿ ಮೌಲ್ಯ' ಎಂದು ಬರೆದ ಒಪ್ಪಂದ ಆ 10 ಶೇಕಡವನ್ನು ಜಗಳಕ್ಕೆ ಬಿಟ್ಟಂತೆ.

ಇದು ಊಹೆಯ ಮಾತಲ್ಲ. 2014ರ ನವೆಂಬರ್ 1ರಿಂದ ಕೇಂದ್ರ ಸರ್ಕಾರ ದೇಶೀಯ ಅನಿಲದ ದರವನ್ನು ಎಂಎಂಬಿಟಿಯುಗೆ 4.2 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ಏರಿಕೆ ಎಷ್ಟು ಶೇಕಡ ಎಂದು ಕೇಳಿದರೆ ವಿದ್ಯಾರ್ಥಿಗಳು ತಟ್ಟನೆ 20 ಎನ್ನುತ್ತಾರೆ. ಆದರೆ ಹಳೆಯ ದರ ನಿವ್ವಳ ಮೌಲ್ಯದ ಮೇಲಿತ್ತು, ಹೊಸದು ಒಟ್ಟು ಮೌಲ್ಯದ ಮೇಲೆ. ಹೊಸ ದರವನ್ನು ಹಳೆಯ ಅಳತೆಗೆ ತಂದರೆ 5.05 ÷ 0.9, ಅಂದರೆ 5.61 ಡಾಲರ್. ನಿಜವಾದ ಏರಿಕೆ ಸುಮಾರು 33 ಶೇಕಡ. ಗುಪ್ತೋಷ್ಣದ ಪಾಠ ಇಲ್ಲಿ ಕೋಟಿಗಟ್ಟಲೆ ರೂಪಾಯಿಯ ಪಾಠವಾಗುತ್ತದೆ.

ಇನ್ನು ಮೀಟರಿನ ನಿಖರತೆ. ದಿನಕ್ಕೆ 10,000 ಘನಮೀಟರ್ ಉರಿಸುವ ಕಾರ್ಖಾನೆಯ ಮೀಟರು 1 ಶೇಕಡ ತಪ್ಪಿದರೆ ವರ್ಷಕ್ಕೆ 36,500 ಘನಮೀಟರ್ ವ್ಯತ್ಯಾಸ. ತಿಂಗಳಿಗೆ 15 ಘನಮೀಟರ್ ಬಳಸುವ 200 ಮನೆಗಳ ಇಡೀ ವರ್ಷದ ಅನಿಲ ಅದು. ಅದಕ್ಕಾಗಿಯೇ ಚೆನ್ನಾಗಿ ಬರೆದ ಒಪ್ಪಂದದಲ್ಲಿ ಮೀಟರನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು, ತಪ್ಪಿದೆಯೆಂದು ತಿಳಿದರೆ ಹಿಂದಿನ ಎಷ್ಟು ದಿನಗಳ ಬಿಲ್ಲನ್ನು ತಿದ್ದಬೇಕು, ಮೀಟರು ಕೆಟ್ಟ ದಿನಗಳಲ್ಲಿ ಯಾವ ಅಂಕಿಯನ್ನು ಹಿಡಿಯಬೇಕು ಎಂಬ ಕಲಮುಗಳಿರುತ್ತವೆ. ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಳತೆಯ ಉಪಕರಣವನ್ನೇ ಅಳೆದು ನೋಡದೆ ಕೆಲಸ ಆರಂಭಿಸಬಾರದು ಎಂಬುದು ಅಲ್ಲಿನ ಹಿರಿಯ ಕುಶಲಕರ್ಮಿಗಳಿಗೆ ಮೊದಲ ಪಾಠ.

ನಿಧಾನವಾಗಿ ಇಳಿಯುವ ದರ

ದೀರ್ಘಾವಧಿ ಒಪ್ಪಂದಗಳ ಬೆನ್ನೆಲುಬು 'ಟೇಕ್ ಆರ್ ಪೇ' ಎಂಬ ಕಲಮು. ಗೊತ್ತುಪಡಿಸಿದ ಪ್ರಮಾಣದ ಅನಿಲವನ್ನು ಕೊಳ್ಳಿ, ಕೊಳ್ಳದಿದ್ದರೂ ಹಣ ಕೊಡಿ ಎಂಬುದು ಇದರ ಅರ್ಥ. ಕೇಳಲು ಕಠೋರವಾದರೂ ಇದಕ್ಕೆ ಕಾರಣವಿದೆ. ಅನಿಲ ಬಾವಿ, ದ್ರವೀಕರಣ ಸ್ಥಾವರ, ಹಡಗು, ಕೊಳವೆ ಇವೆಲ್ಲಕ್ಕೂ ಮೊದಲೇ ಬಂಡವಾಳ ಸುರಿಯಬೇಕು. ಕೊಳ್ಳುವವರು ಖಾತರಿಯಿಲ್ಲದಿದ್ದರೆ ಯಾರೂ ಸುರಿಯುವುದಿಲ್ಲ. ಪ್ರಮಾಣದ ಅಪಾಯ ಕೊಳ್ಳುವವರಿಗೆ, ಬೆಲೆ ಕುಸಿತದ ಅಪಾಯ ಮಾರುವವರಿಗೆ ಎಂದು ಹಂಚಿಕೊಳ್ಳುವುದು ಇದರ ಹಿಂದಿನ ನ್ಯಾಯ. ಆದರೆ ದರದ ಸೂತ್ರ ಸರಿಯಿಲ್ಲದಿದ್ದರೆ ಎರಡೂ ಅಪಾಯ ಒಬ್ಬರ ತಲೆಯ ಮೇಲೆ ಬೀಳುತ್ತವೆ.

ಭಾರತದ ಪೆಟ್ರೋನೆಟ್ ಎಲ್‌ಎನ್‌ಜಿ ಮತ್ತು ಕತಾರಿನ ರಾಸ್‌ಗ್ಯಾಸ್ ನಡುವೆ 1999ರಲ್ಲಿ ಆದ ಒಪ್ಪಂದವನ್ನು ನೋಡಿ. ವರ್ಷಕ್ಕೆ 75 ಲಕ್ಷ ಟನ್, 25 ವರ್ಷ. ದರವನ್ನು ಕಚ್ಚಾತೈಲದ 60 ತಿಂಗಳ ಚಲಿಸುವ ಸರಾಸರಿಗೆ ಕಟ್ಟಲಾಗಿತ್ತು. ಭೌತವಿಜ್ಞಾನದ ವಿದ್ಯಾರ್ಥಿಗಳು ಇದನ್ನು ದೊಡ್ಡ ಕಾಲಸ್ಥಿರಾಂಕವುಳ್ಳ ಧಾರಕ-ರೋಧಕ ಮಂಡಲದಂತೆ ಕಾಣಬಹುದು. ಹೊರಗಿನ ವಿಭವ ತಟ್ಟನೆ ಬದಲಾದರೂ ಧಾರಕದ ವಿಭವ ನಿಧಾನವಾಗಿಯೇ ಬದಲಾಗುತ್ತದೆ. ಒಂದು ಸರಳ ಲೆಕ್ಕ ಮಾಡಿ: ತೈಲದ ಬೆಲೆ ಐದು ವರ್ಷ 100 ಇದ್ದು ಒಮ್ಮೆಲೇ 40ಕ್ಕೆ ಬಿದ್ದಿತೆನ್ನೋಣ. ಒಂದು ವರ್ಷದ ನಂತರ 60 ತಿಂಗಳ ಸರಾಸರಿ (48 × 100 + 12 × 40) ÷ 60, ಅಂದರೆ 88. ಮಾರುಕಟ್ಟೆಯಲ್ಲಿ 40, ಒಪ್ಪಂದದಲ್ಲಿ 88. ಇದೇ ಬೆಲೆಗೆ 3 ತಿಂಗಳ ಸರಾಸರಿ ತೆಗೆದರೆ ಆ ಹೊತ್ತಿಗೆ 40.

2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ 100 ಡಾಲರಿಗಿಂತ ಹೆಚ್ಚಿದ್ದ ತೈಲ 2015ರ ಕೊನೆಗೆ 40ಕ್ಕಿಂತ ಕೆಳಗಿಳಿದಾಗ ಆದದ್ದೂ ಹೀಗೆಯೇ. ಒಪ್ಪಂದದ ಅನಿಲ 12–13 ಡಾಲರ್, ಹೊರಗೆ ಸಿಗುವ ಅನಿಲ ಅದರ ಸುಮಾರು ಅರ್ಧ. ಪೆಟ್ರೋನೆಟ್ ಆ ವರ್ಷ ಸುಮಾರು 32 ಶೇಕಡ ಕಡಿಮೆ ಕೊಂಡಿತು. ಕಲಮಿನ ಪ್ರಕಾರ ತೆರಬೇಕಾಗಿದ್ದದ್ದು ಸುಮಾರು 12,000 ಕೋಟಿ ರೂಪಾಯಿ. ಎರಡೂ ಕಡೆಯವರು ನ್ಯಾಯಮಂಡಳಿಗೆ ಹೋಗದೆ ಕುಳಿತು ಮಾತನಾಡಿದರು. 2015ರ ಡಿಸೆಂಬರ್ 31ರಂದು ಹೊಸ ಸೂತ್ರಕ್ಕೆ ಸಹಿ ಬಿತ್ತು: 60 ತಿಂಗಳ ಬದಲು 3 ತಿಂಗಳ ಸರಾಸರಿ, ದಂಡ ಮನ್ನಾ, ಕೊಳ್ಳದೆ ಬಿಟ್ಟ ಪ್ರಮಾಣವನ್ನು ಮುಂದಿನ ವರ್ಷಗಳಲ್ಲಿ ಕೊಳ್ಳುವುದು, ಜೊತೆಗೆ ವರ್ಷಕ್ಕೆ ಇನ್ನೂ 10 ಲಕ್ಷ ಟನ್ ಕೊಳ್ಳುವ ಭರವಸೆ.

ಇದನ್ನು ರಾಜತಾಂತ್ರಿಕ ಗೆಲುವೆಂದು ಹೊಗಳಲಾಯಿತು. ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ವಿಮರ್ಶಕ ಇನ್ನೊಂದು ಮಾತನ್ನೂ ಹೇಳಬೇಕು. ಬೆಲೆ ಏರುವಾಗ 60 ತಿಂಗಳ ಸರಾಸರಿಯೇ ಕೊಳ್ಳುವವರನ್ನು ಕಾಪಾಡಿತ್ತು. 3 ತಿಂಗಳ ಸರಾಸರಿ ಇಳಿಕೆಯನ್ನು ಬೇಗ ಕೊಡುತ್ತದೆ, ಏರಿಕೆಯನ್ನೂ ಅಷ್ಟೇ ಬೇಗ ಕೊಡುತ್ತದೆ. ಸೂತ್ರ ಬದಲಿಸಿದರೆ ಅಪಾಯ ಮಾಯವಾಗುವುದಿಲ್ಲ, ಅದರ ಆವರ್ತಾಂಕ ಬದಲಾಗುತ್ತದೆ ಅಷ್ಟೆ.

ಅನಿಲ ಬರದೇ ಹೋದರೆ?

ಕೊಳ್ಳುವವರು ತಪ್ಪಿದರೆ ದಂಡವುಂಟು, ಮಾರುವವರು ತಪ್ಪಿದರೆ? ಗೇಲ್ 2012ರಲ್ಲಿ ರಷ್ಯದ ಗ್ಯಾಜ್‌ಪ್ರಾಮ್‌ನ ಸಿಂಗಪುರ ಅಂಗಸಂಸ್ಥೆಯೊಡನೆ 20 ವರ್ಷದ ಒಪ್ಪಂದ ಮಾಡಿಕೊಂಡಿತ್ತು. 2022ರಲ್ಲಿ ಯುಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ಆ ಸಂಸ್ಥೆಯ ಜರ್ಮನ್ ಮಾತೃಸಂಸ್ಥೆಯನ್ನು ಜರ್ಮನ್ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ರಷ್ಯ ಅದಕ್ಕೆ ಅನಿಲ ಕೊಡುವುದನ್ನು ನಿಲ್ಲಿಸಿತು, ಹಡಗುಗಳು ಬರಲಿಲ್ಲ. ಗೇಲ್ ತನ್ನ ಕೆಲವು ಗ್ರಾಹಕರ ಪೂರೈಕೆಯನ್ನು ಕಡಿತಗೊಳಿಸಬೇಕಾಯಿತು. 2023ರಲ್ಲಿ ಅದು ಲಂಡನ್ನಿನ ಮಧ್ಯಸ್ಥಿಕೆ ನ್ಯಾಯಮಂಡಳಿಯ ಮುಂದೆ ಸುಮಾರು 180 ಕೋಟಿ ಡಾಲರ್ ಪರಿಹಾರ ಕೇಳಿತು. 2025ರ ಜನವರಿಯಲ್ಲಿ ರಾಜಿಯಾದದ್ದು 28.5 ಕೋಟಿ ಡಾಲರಿಗೆ. ಕೇಳಿದ ಮೊತ್ತದ ಆರನೇ ಒಂದು ಭಾಗಕ್ಕಿಂತ ಕಡಿಮೆ.

ಇಂಥ ಸಂದರ್ಭಕ್ಕೆಂದು ಒಪ್ಪಂದಗಳಲ್ಲಿ 'ಫೋರ್ಸ್ ಮೆಜೂರ್' ಕಲಮು ಇರುತ್ತದೆ. ಮೀರಲಾಗದ ಘಟನೆ, ಕೈಮೀರಿದ ಕಾರಣ ಎಂದು ತಿಳಿಯಬಹುದು. ಬಿರುಗಾಳಿ, ಭೂಕಂಪಗಳ ಬಗ್ಗೆ ತಕರಾರಿಲ್ಲ. ಆದರೆ ಸರ್ಕಾರದ ಆಜ್ಞೆ, ನಿರ್ಬಂಧ, ಬೇರೆ ಕಡೆಯಿಂದ ದುಬಾರಿ ಅನಿಲ ತಂದು ಕೊಡಬಹುದಾಗಿದ್ದ ಸಾಧ್ಯತೆ ಇವು ಕೈಮೀರಿದವೇ? ಕೊರತೆ ಬಂದಾಗ ಇರುವ ಅನಿಲವನ್ನು ಗ್ರಾಹಕರಿಗೆ ಯಾವ ಪ್ರಮಾಣದಲ್ಲಿ ಹಂಚಬೇಕು? ಭದ್ರಾ ನಾಲೆಯ ಕೊನೆಯ ಭಾಗದಲ್ಲಿರುವ ನಮ್ಮ ರೈತರಿಗೆ ಈ ಪ್ರಶ್ನೆಯ ಕಾವು ಗೊತ್ತು. ಜಲಾಶಯ ತುಂಬಿದಾಗ ನಾಲೆಯ ಎಲ್ಲರೂ ಸಮಾನರು. ನೀರು ಕಡಿಮೆಯಾದಾಗ ಹಂಚಿಕೆಯ ನಿಯಮ ಬರೆದಿಲ್ಲದಿದ್ದರೆ ಮೇಲಿನವರಿಗೆ ನೀರು, ಕೊನೆಯವರಿಗೆ ಭರವಸೆ.

ಸಹಿ ಹಾಕದವರ ಪಾಲು

ಇನ್ನೊಂದು ಕೊರತೆಯನ್ನು ತೋರಿಸಲು ಅನಿಲದಿಂದ ಸ್ವಲ್ಪ ಆಚೆ, ಹರಿಹರದ ಹೊಳೆಯಾಚೆ ಹೋಗೋಣ. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಬೇಕಾದ ನೀಲಗಿರಿ ಮರದ ಪೂರೈಕೆಗಾಗಿ 1984ರಲ್ಲಿ ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿತು. ಕಚ್ಚಾವಸ್ತುವಿನ ಅಪಾಯವನ್ನು ನಿಭಾಯಿಸುವ ಒಪ್ಪಂದವಾಗಿ ಓದಿದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ: ಕಾರ್ಖಾನೆಗೆ ಖಾತರಿ ಪೂರೈಕೆ, ಸರ್ಕಾರಕ್ಕೆ ಪಾಲು. ಆದರೆ ನೆಡುತೋಪಿಗೆ ಗೊತ್ತುಮಾಡಿದ್ದು ಹಳ್ಳಿಗಳ ಸಾಮೂಹಿಕ ಭೂಮಿಯನ್ನು. ಅಲ್ಲಿ ದನ ಮೇಯಿಸುತ್ತಿದ್ದವರು, ಸೌದೆ ತರುತ್ತಿದ್ದವರು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, 1991ರಲ್ಲಿ ಕಂಪನಿ ಮುಚ್ಚಿತು. ಇಬ್ಬರು ಕುಳಿತು ತಮ್ಮ ಅಪಾಯವನ್ನು ಮೂರನೆಯವರಿಗೆ ದಾಟಿಸಿದರೆ ಅದು ನಿರ್ವಹಣೆಯಲ್ಲ, ವ್ಯಾಜ್ಯವನ್ನು ಮುಂದೂಡುವುದು.

ಅನಿಲದ ಸರಪಳಿಯಲ್ಲಿ ಈ ಮೂರನೆಯವರು ಮನೆಯ ಗ್ರಾಹಕರು. ಕತಾರಿನ ಸೂತ್ರ, ಡಾಲರಿನ ದರ, ಕೊಳವೆಯ ಸಾಗಣೆ ಶುಲ್ಕ ಯಾವುದನ್ನೂ ಅವರು ಗೊತ್ತುಮಾಡಲಿಲ್ಲ. ಎಲ್ಲವೂ ಕೊನೆಗೆ ಅವರ ಬಿಲ್ಲಿಗೆ ಬಂದು ಸೇರುತ್ತವೆ. ಅವರೂ ಸಹಿ ಹಾಕುತ್ತಾರೆ ನಿಜ, ಆದರೆ ಮೊದಲೇ ಅಚ್ಚಾದ ಅರ್ಜಿಗೆ.

ಮನೆಯ ಮೀಟರಿನ ಭೌತವಿಜ್ಞಾನ

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಹಿಂದಿರುಗೋಣ. ಸ್ಟ್ಯಾಂಡರ್ಡ್ ಸ್ಥಿತಿ ಎಂದರೆ 15 ಡಿಗ್ರಿ ಸೆಲ್ಸಿಯಸ್, ಅಂದರೆ 288 ಕೆಲ್ವಿನ್, ಒತ್ತಡ 101.3 ಕಿಲೋಪ್ಯಾಸ್ಕಲ್. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುಭಾರ ಸುಮಾರು 94.3 ಕಿಲೋಪ್ಯಾಸ್ಕಲ್. ಮನೆಯ ಒಲೆಗೆ ಬರುವ ಅನಿಲದ ಒತ್ತಡ ಇದಕ್ಕಿಂತ 21 ಮಿಲಿಬಾರ್, ಅಂದರೆ 2.1 ಕಿಲೋಪ್ಯಾಸ್ಕಲ್ ಹೆಚ್ಚು. ಒಟ್ಟು 96.4. ಅನಿಲದ ತಾಪ 30 ಡಿಗ್ರಿ, ಅಂದರೆ 303 ಕೆಲ್ವಿನ್ ಎನ್ನೋಣ. ಬಾಯ್ಲ್ ಮತ್ತು ಚಾರ್ಲ್ಸ್ ನಿಯಮಗಳನ್ನು ಒಟ್ಟಿಗೆ ಹಾಕಿದರೆ:

(96.4 ÷ 101.3) × (288 ÷ 303) = 0.90

ಅಂದರೆ ಮೀಟರಿನಲ್ಲಿ 15 ಘನಮೀಟರ್ ಓಡಿದರೆ ಒಲೆಗೆ ಬಂದದ್ದು ಸುಮಾರು 13.6 ಸ್ಟ್ಯಾಂಡರ್ಡ್ ಘನಮೀಟರ್. ಇದೇ ಲೆಕ್ಕವನ್ನು ಅದೇ ತಾಪದಲ್ಲಿ, ಸಮುದ್ರದ ಪಕ್ಕದ ಮಂಗಳೂರಿಗೆ ಮಾಡಿದರೆ ಗುಣಾಂಕ 0.97. ಒಂದೇ ಮೀಟರು, ಒಂದೇ ಅಂಕಿ. ಆದರೆ ಘಟ್ಟದ ಮೇಲಿನ ಮನೆಗೆ ಸುಮಾರು 7 ಶೇಕಡ ಕಡಿಮೆ ಅಣುಗಳು.

ಅವಸರದ ತೀರ್ಮಾನ ಬೇಡ. ಇದರಿಂದ ಯಾರೋ ಮೋಸ ಮಾಡುತ್ತಿದ್ದಾರೆಂದು ಅರ್ಥವಲ್ಲ. ಬಿಲ್ಲಿನಲ್ಲಿ ತಿದ್ದುಪಡಿ ಗುಣಾಂಕ ಹಾಕಿರಬಹುದು, ಅಥವಾ ದರ ಗೊತ್ತುಮಾಡುವಾಗಲೇ ಇದನ್ನು ಗಣನೆಗೆ ತೆಗೆದುಕೊಂಡಿರಬಹುದು. ಪ್ರತಿ ಮನೆಗೂ ಒತ್ತಡ, ತಾಪ ಅಳೆದು ತಿದ್ದುವ ಉಪಕರಣ ಕೂರಿಸಿದರೆ ಅದರ ಖರ್ಚು ಉಳಿಯುವ ಹಣಕ್ಕಿಂತ ಹೆಚ್ಚಾದೀತು ಎಂಬ ವಾದದಲ್ಲಿಯೂ ಹುರುಳಿದೆ. ನನ್ನ ಆಕ್ಷೇಪ ಉಪಕರಣದ ಬಗ್ಗೆ ಅಲ್ಲ, ಬರಹದ ಬಗ್ಗೆ. ಕಾರ್ಖಾನೆಯ ಮೀಟರಿಗೆ ವಿದ್ಯುನ್ಮಾನ ತಿದ್ದುಪಡಿ ಉಪಕರಣ, ಅದರ ಪರೀಕ್ಷೆಗೆ ಕಲಮು, ತಕರಾರು ಬಂದರೆ ತಟಸ್ಥ ತಜ್ಞರು ಎಲ್ಲವೂ ಇರುತ್ತವೆ. ಮನೆಯ ಒಪ್ಪಂದದಲ್ಲಿ, ಯಾವ ತಾಪ, ಯಾವ ಒತ್ತಡ ಹಿಡಿದು ಲೆಕ್ಕ ಹಾಕಿದ್ದೇವೆಂದು ಒಂದು ಸಾಲು ಬರೆಯಲು ಯಾವ ಖರ್ಚೂ ಇಲ್ಲ. ಊರಿಗೆ ಒಂದು ಸ್ಥಿರ ಗುಣಾಂಕ ಸಾಕು. ವಾಯುಭಾರದ ಏರಿಳಿತ ಇಲ್ಲಿ ಶೇಕಡ ಒಂದರ ಆಸುಪಾಸು ಮಾತ್ರ. ಆ ಸಾಲು ಕನ್ನಡದಲ್ಲಿರಬೇಕು ಎಂಬುದನ್ನೂ ಸೇರಿಸುತ್ತೇನೆ. ಗೊತ್ತಿರದ ಭಾಷೆಯಲ್ಲಿ ಬರೆದ ಷರತ್ತಿಗೆ ಹಾಕಿದ ಸಹಿ ಒಪ್ಪಿಗೆಯ ಗುರುತಲ್ಲ, ಹೆಬ್ಬೆಟ್ಟಿನ ಇನ್ನೊಂದು ರೂಪ.

ತರಗತಿಗೆ ಐದು ಪ್ರಶ್ನೆ

ನಿಮ್ಮ ಮನೆಗೆ, ಹೋಟೆಲಿಗೆ, ಸಣ್ಣ ಕೈಗಾರಿಕೆಗೆ ಅನಿಲ ಸಂಪರ್ಕ ಬರುವಾಗ ಷರತ್ತುಗಳ ಹಾಳೆಯನ್ನು ಕೇಳಿ ಪಡೆಯಿರಿ. ಅಧ್ಯಾಪಕರು ಅದನ್ನು ತರಗತಿಗೆ ತಂದು ಈ ಐದು ಪ್ರಶ್ನೆಗಳನ್ನು ಕೊಡಬಹುದು.

1. ಬಿಲ್ಲು ಗಾತ್ರದ ಮೇಲೋ, ಶಾಖದ ಮೇಲೋ? ಶಾಖವಾದರೆ ಒಟ್ಟು ಮೌಲ್ಯವೋ, ನಿವ್ವಳವೋ?
2. ಮೀಟರಿನ ಅಂಕಿಗೆ ತಾಪ–ಒತ್ತಡದ ತಿದ್ದುಪಡಿ ಇದೆಯೇ? ಇದ್ದರೆ ಗುಣಾಂಕ ಎಷ್ಟು?
3. ಮೀಟರಿನ ಬಗ್ಗೆ ಅನುಮಾನ ಬಂದರೆ ಪರೀಕ್ಷಿಸುವವರು ಯಾರು? ಖರ್ಚು ಯಾರದು? ಹಿಂದಿನ ಎಷ್ಟು ದಿನದ ಬಿಲ್ಲು ತಿದ್ದುತ್ತಾರೆ?
4. ಕನಿಷ್ಠ ಬಳಕೆಯ ಷರತ್ತು ಇದೆಯೇ? ದರ ಬದಲಾಗುವುದಾದರೆ ಯಾವ ಸೂತ್ರದಂತೆ, ಎಷ್ಟು ದಿನ ಮುಂಚೆ ತಿಳಿಸಿ?
5. ಪೂರೈಕೆ ಕಡಿಮೆಯಾದರೆ ಮೊದಲು ಕಡಿತವಾಗುವುದು ಯಾರಿಗೆ? ತಕರಾರಿಗೆ ಎಲ್ಲಿಗೆ ಹೋಗಬೇಕು?

ಕೊನೆಯ ಪ್ರಶ್ನೆಗೆ ಒಂದು ಮಾತು. ಕಂಪನಿಗಳ ನಡುವಿನ ತಕರಾರಿಗೆ 2006ರ ಕಾಯಿದೆಯ ಪ್ರಕಾರ ರಚನೆಯಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಇದೆ, ಮಧ್ಯಸ್ಥಿಕೆಯೂ ಇದೆ. ಮನೆಯ ಗ್ರಾಹಕರಿಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಬಾಗಿಲು ತೆರೆದಿದೆ. ಆದರೆ ಅಲ್ಲಿ ನಿಂತು ಹೇಳಲು ಕೈಯಲ್ಲೊಂದು ಬರೆದ ಷರತ್ತು, ತಲೆಯಲ್ಲೊಂದು ಸರಿಯಾದ ಲೆಕ್ಕ ಇರಬೇಕು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಯಿದೆ. ಅನಿಲದ ಒಪ್ಪಂದದಲ್ಲಿ ಎರಡೂ ಒಂದೇ. ಮಾತು ಸಡಿಲವಿದ್ದಲ್ಲಿಯೇ ತೂತು ಬೀಳುತ್ತದೆ. ನಾವು ಅನಿಲ ಸಮೀಕರಣವನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ, ಅಂಕ ಕೊಡುತ್ತೇವೆ. ಅದೇ ಸಮೀಕರಣ ಮನೆಯ ಗೋಡೆಯ ಮೀಟರಿನಲ್ಲಿ ತಿಂಗಳು ತಿಂಗಳೂ ಕೆಲಸ ಮಾಡುತ್ತಿದೆ ಎಂದು ನನಗೆ ತೋರಿಸಿಕೊಟ್ಟವಳು ಒಬ್ಬ ವಿದ್ಯಾರ್ಥಿನಿ. ಮುಂದಿನ ವರ್ಷದ ಪಾಠವನ್ನು ನಾನು ಆ ಬಿಲ್ಲಿನಿಂದಲೇ ಆರಂಭಿಸುವವನಿದ್ದೇನೆ. ನೀವೂ ಹಾಗೆ ಮಾಡಿ ನೋಡಿ.